ಅರ್ಧಕ್ಕೆ ಸುತ್ತಿಟ್ಟ ಪಟ

ಮಾನ್ಯ ಜಿಲ್ಲಾ ಸಂಸ್ಕೃತಿ ಅಧಿಕಾರಿಗಳೇ,

ಜಾನಪದ ಕಲಾವಿದರ ಗುರುತಿನ ಚೀಟಿ ಕೋರಿದ ರೂಪಬಾನ್ ಚಿತ್ರಕರ್ ಅವರ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಆ ತೀರ್ಮಾನದ ಕೆಳಗೆ, ತಮ್ಮ ಸಹಿಯ ಪಕ್ಕದಲ್ಲೇ, ಸಮಿತಿಯ ಸದಸ್ಯನಾದ ನನ್ನದೂ ಇದೆ. ಆದ್ದರಿಂದ ಮುಂದಿನ ಬೈಗುಳದಲ್ಲಿ ನನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೇನೆ.

ಕಳೆದ ಫಾಲ್ಗುಣದಲ್ಲಿ ಮೇದಿನಿಪುರದ ತಮ್ಮ ಸಭಾಂಗಣದಲ್ಲಿ ಅರವತ್ತು ದಾಟಿದ ರೂಪಬಾನ್ ದೀದಿ ನೆಲದ ಮೇಲೆ ಕೂತು, ಹಾವಿನ ದೇವಿ ಮನಸೆಯ ಕಥೆ ಬರೆದ ಸುರುಳಿ ಪಟ ಬಿಚ್ಚುತ್ತಾ, ಒಂದೊಂದೇ ಚಿತ್ರಕ್ಕೆ ಬೆರಳಿಟ್ಟು ಹಾಡುತ್ತಿದ್ದರು. ಹಾವು ಕಚ್ಚಿ ಸತ್ತ ಗಂಡನ ಹೆಣದೊಂದಿಗೆ ಮದುಮಗಳು ಆಗಷ್ಟೇ ತೆಪ್ಪವೇರಿದ್ದಳು. ತಾವು ಕೈಯೆತ್ತಿ ನಿಲ್ಲಿಸಿದಿರಿ.

"ಅರ್ಜೀಲಿ ರೂಪಬಾನ್ ಅಂತಿದೆ, ಪಟದ ಮೂಲೇಲಿ ರೂಪಾ ಅಂತಿದೆ. ಯಾವುದಮ್ಮ ನಿಜವಾದ ಹೆಸರು?"

"ಎರಡೂ ನಿಜವೇ ಸಾಹೇಬ್ರೇ. ನಮ್ಮ ಕೇರೀಲಿ ಎಲ್ರಿಗೂ ಎರಡೆರಡು. ನಮಾಜಿಗೊಂದು, ಪಟಕ್ಕೊಂದು."

"ನಮಾಜು ಮಾಡೋಳು ಮನಸೆ ಹಾಡು ಹೇಳ್ತೀಯಾ? ದೇವಿಗೆ ಗೊತ್ತಾ ಇದು?"

ತಾವು ನಕ್ಕಿರಿ. ಸಭೆ ನಕ್ಕಿತು. ನಾನೂ ನಕ್ಕೆ.

"ದೇವಿ ಇಲ್ಲೀತನಕ ಹೆಸರು ಕೇಳಿಲ್ಲ ಸಾಹೇಬ್ರೇ. ಕೇಳಿದೋರಲ್ಲಿ ನೀವೇ ಮೊದಲು," ಎಂದ ದೀದಿ ಪಟ ಸುತ್ತಿಕೊಂಡು ಎದ್ದರು. "ಪರಂಪರೆಯ ಶುದ್ಧತೆ ಸಂಶಯಾಸ್ಪದ" ಎಂದು ತಾವು ಬರೆಸಿದಿರಿ.

ಎಂಥ ಸೂಕ್ಷ್ಮ ದೃಷ್ಟಿ! ಕಂಪನಿ ಸರ್ಕಾರ ಬಂದು ಹೋಯಿತು, ಅಚ್ಚಿನ ಕ್ಯಾಲೆಂಡರು ಬಂತು, ಸಿನಿಮಾ ಬಂತು, ಮೊಬೈಲು ಬಂತು. ಪಟ ಬರೆದು ಹಾಡುವ ಈ ಪಟುವರು ಮನೆಮನೆ ಸುತ್ತುತ್ತಲೇ ಇದ್ದರು. ಅವರ ಹಾಡನ್ನು ಅರ್ಧಕ್ಕೆ ನಿಲ್ಲಿಸಲು ಸಂಸ್ಕೃತಿ ರಕ್ಷಿಸುವ ಕಚೇರಿಯೇ ಬೇಕಾಯಿತೇ? ಎರಡು ಹೆಸರನ್ನು ಹೊತ್ತು ತಲೆಮಾರುಗಳು ಬಾಳಿದ ಜನರನ್ನು ತಮ್ಮ ಅರ್ಜಿ ನಮೂನೆಯ ಒಂದು ಖಾನೆ ತಾಳದೇ ಹೋಯಿತೇ?

ಆದರೆ ನನಗೆ ಈ ಪ್ರಶ್ನೆ ಕೇಳುವ ಮುಖವಿಲ್ಲ. ನನ್ನ ಹನ್ನೆರಡನೇ ವಯಸ್ಸಿನಲ್ಲಿ ಹಾವು ಕಚ್ಚಿ ನನ್ನ ತಮ್ಮ ಸತ್ತ. ಅಮ್ಮ ದಿನಗಟ್ಟಲೆ ಅಳದೆ, ಉಣ್ಣದೆ ಕಂಬಕ್ಕೊರಗಿ ಕೂತಿದ್ದಳು. ದೀದಿಯ ಅಪ್ಪ ನಮ್ಮ ಅಂಗಳಕ್ಕೆ ಬಂದು ಇದೇ ಕಥೆಯ ಪಟ ಬಿಚ್ಚಿದರು. ಆಗಿನ್ನೂ ಹುಡುಗಿಯಾಗಿದ್ದ ರೂಪಬಾನ್ ಅಪ್ಪನೊಂದಿಗೆ ದನಿಗೂಡಿಸಿದಳು. ತೆಪ್ಪ ನದಿಗಿಳಿದಾಗ ಅಮ್ಮ ಗೋಳೋ ಎಂದು ಅತ್ತಳು. ಅಂದು ಸಂಜೆ ಅನ್ನ ಉಂಡಳು. ಆ ಪಟುವನ ನಿಜವಾದ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಇದೆಲ್ಲ ನೆನಪಿದ್ದೂ ನಾನು ನಕ್ಕೆ. ಯಾಕೆ? ತಾವು ನಕ್ಕಿರೆಂದು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಹೋದ ವಾರ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಅವರು ಹಸಿರು ಬಣ್ಣಕ್ಕೆಂದು ಅವರೆ ಎಲೆ ಅರೆಯುತ್ತಿದ್ದರು. "ದೀದಿ, ಆವತ್ತು ಸಾಹೇಬರು ಹಾಗಂದದ್ದು..." ಎಂದು ತೊದಲಿದೆ.

"ಅವರ ಮಾತು ಬಿಡಿ ಮಾಸ್ಟ್ರೇ, ಅಂಥೋರನ್ನ ಎಷ್ಟು ಜನ ನೋಡಿಲ್ಲ? ಅವರು ಬೈದಿದ್ರೂ ಹಾಡು ಮುಗಿಸೇ ಏಳ್ತಿದ್ದೆ. ನೀವು ನಗೋದು ಕಂಡ್ತು ನೋಡಿ, ನಿಮ್ಮಮ್ಮ ಕಣ್ಮುಂದೆ ಬಂದ್ಬಿಟ್ರು. ಅದಕ್ಕೇ ಸುತ್ತಿಬಿಟ್ಟೆ." ಆಮೇಲೆ ನನಗೆ ಚಹಾ ಕೊಟ್ಟರು. ಕುಡಿದೆ.

ಮಾನ್ಯರೇ, ಆ ತೀರ್ಮಾನವನ್ನು ರದ್ದುಮಾಡಿ. ದೀದಿಯನ್ನು ಮತ್ತೆ ಕಚೇರಿಗೆ ಕರೆಸಬೇಡಿ. ಸಮಿತಿ ಸಮೇತ ತಾವೇ ಅವರ ಅಂಗಳಕ್ಕೆ ಹೋಗಿ, ಚಾಪೆಯ ಮೇಲೆ ಕೂತು, ಕೊನೆಯ ಚಿತ್ರದವರೆಗೆ ಕೇಳಿ. ಚೀಟಿಯಲ್ಲಿ ಎರಡೂ ಹೆಸರು ಬರೆಯಿರಿ. ನನ್ನ ರಾಜೀನಾಮೆಯನ್ನು ಲಗತ್ತಿಸಿದ್ದೇನೆ.

ಇಂತಿ,
ಓದದೆ ಅಲ್ಲ, ಓದಿಯೇ ಸಹಿ ಹಾಕಿದ
ತಾರಾಪದ ಜಾನಾ
ನಿವೃತ್ತ ಚಿತ್ರಕಲಾ ಶಿಕ್ಷಕ