ಮೆಟ್ಟಿಲ ಮೇಲೆ ಜಡೆಯವಳು

ನಾರ್ತ್ ಕ್ರೀಕ್, ಬಾಥೆಲ್
೩೦ ಜೂನ್ ೨೦೨೫

ಪ್ರೀತಿಯ ರವಿ,

ರಾತ್ರಿ ಎರಡೂ ಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ಇಂಚರ ಅಲ್ಲ, ಬಚ್ಚಲುಮನೆಯ ಫ್ಯಾನು. ನಿನಗೆ ನೆನಪಿರಬೇಕು, ಒಳಗಿನ ಗಾಳಿ ಹೊರಹಾಕಲು ಅದು ತನ್ನಷ್ಟಕ್ಕೆ ಶುರುವಾಗುತ್ತದೆ. ಆರಿಸೋಣವೆಂದರೆ ಸ್ವಿಚ್ಚೇ ಇಲ್ಲ. ಗುಂಯ್ ಎನ್ನುವ ಆ ಸದ್ದಿಗೆ ಎಚ್ಚರಾದವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಹೊಟ್ಟೆಯ ಮೇಲಿದ್ದ ಮಗಳ ಕಾಲನ್ನು ಮೆಲ್ಲಗೆ ಸರಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಬ್ಯಾಂಕಾಕಿನಲ್ಲಿ ಈಗ ಸಂಜೆ. ನೀನು ಸೈಟಿನಿಂದ ಹೊರಡುವ ಹೊತ್ತು.

ತಡವಾಯಿತು, ಬೈಯಬೇಡ. ನೀನು ಮನೆಯ ನಕ್ಷೆ ಕಳಿಸಿ ಎಷ್ಟು ದಿನವಾಯಿತು! ನಾನು ಫೋನಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆ. ಕಳೆದ ವರ್ಷದಿಂದ ಒಬ್ಬನೇ ಅಲ್ಲಿದ್ದು, ಆಫೀಸಿನ ಕೆಲಸ ಮುಗಿಸಿ, ನಮಗೆಂದು ಕೂತು ಬರೆದ ಮನೆಗೆ ಅದು ಉತ್ತರವಲ್ಲ. ಕಾಲ್ ಮಾಡಿ ಹೇಳೋಣವೆಂದರೆ ಇಂಚರ ಫೋನು ಕಿತ್ತುಕೊಂಡು ಓಡುತ್ತಾಳೆ. ಅಪ್ಪನ ಜೊತೆ ಹೇಳುವುದು ಅವಳಿಗೇ ಅಷ್ಟಿರುತ್ತದೆ.

ಮನೆ ಚೆನ್ನಾಗಿದೆ ರವಿ. ನಿನ್ನ ಆಫೀಸಿನ ಹಿರಿಯರು ಕಾಲುವೆ ಪಕ್ಕದ ಹಳೆಯ ಮರದ ಮನೆಯನ್ನು ದುರಸ್ತಿ ಮಾಡಿಕೊಂಡು ಇರಿ ಎಂದು ಕೊಟ್ಟಾಗ ನನಗೆ ಮೊದಲು ಹೊಳೆದದ್ದು ಗೆದ್ದಲು. ಈಗ ನೋಡಿದರೆ ಹಳೆಯ ಮರವೆಲ್ಲ ಮೇಲೆ, ಹೊಸ ಕಾಂಕ್ರೀಟ್ ಕಂಬಗಳು ಕೆಳಗೆ. ಕಾಲುವೆ ಉಕ್ಕಿದರೂ ಮನೆಗೆ ನೀರು ತಾಗುವುದಿಲ್ಲ. ಕಂಬಗಳ ನಡುವಿನ ನೆರಳಿನಲ್ಲಿ ಉಯ್ಯಾಲೆ. ಪಡುವಣದ ಬಿಸಿಲು ತಡೆಯಲು ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಗೋಡೆ. ಜಗಲಿಯ ನೆಲವನ್ನು ಕೋಣೆಗಳಿಗಿಂತ ಒಂದು ಮೊಳ ಕೆಳಗಿಟ್ಟು, ಎರಡರ ನಡುವೆ ಬಿಟ್ಟ ಕಿರುಸಂದಿಯಿಂದ ನೀರ ಮೇಲಿನ ತಂಪು ಒಳಗೆ ಬರುವಂತೆ ಮಾಡಿದ್ದೀಯ. ಅಲ್ಲಿಯವರು ಹಿಂದಿನಿಂದಲೂ ಕಟ್ಟುತ್ತಿದ್ದ ರೀತಿಯನ್ನೇ ಹೊಸಬರು ಈಗ ಮತ್ತೆ ಹಿಡಿದಿದ್ದಾರೆ ಎಂದು ನೀನೇ ಬರೆದಿದ್ದೆ. ಇಲ್ಲಿ ನಾವು ಮೊದಲು ಸಂದಿಗಳನ್ನೆಲ್ಲ ಮುಚ್ಚಿ, ಆಮೇಲೆ ಮನೆ ಉಸಿರಾಡಲಿ ಅಂತ ಫ್ಯಾನು ಹಾಕುತ್ತೇವೆ.

ಆದರೆ ಆ ಸಂದಿ ನನ್ನ ನಿದ್ದೆ ಕೆಡಿಸಿದೆ. ಆರು ಇಂಚು ಎಂದು ಬರೆದಿದ್ದೀಯಲ್ಲ! ಮಗು ಹುಟ್ಟುವವರೆಗೆ ನಾನೂ ಇಲ್ಲಿ ಮನೆಗಳ ನಕ್ಷೆ ಬರೆದವಳೇ. ಮಗುವಿನ ತಲೆ ನುಗ್ಗದಿರಲೆಂದು ಕಟಕಟೆಯ ಕಂಬಿಗಳ ಸಂದಿಯಲ್ಲಿ ನಾಲ್ಕು ಇಂಚಿನ ಚೆಂಡು ತೂರಬಾರದು ಅನ್ನುವುದು ಇಲ್ಲಿ ನಮಗೆಲ್ಲ ಬಾಯಿಪಾಠ. ನಿನ್ನೆ ಪುಸ್ತಕಗಳ ಎರಡು ಪೇರಿ ಇಟ್ಟು, ನಡುವೆ ಆರು ಇಂಚು ಬಿಟ್ಟು, ಇಂಚರಳ ಚೆಂಡು ಉರುಳಿಸಿ ನೋಡುತ್ತಿದ್ದೆ. ಕೆಳಗಿನ ಮನೆಯ ಫ್ಲಾವಿಯಾ ಆಂಟಿ ಮೀನುಸಾರು ಹಿಡಿದುಕೊಂಡು ಬಂದರು. ಉಡುಪಿ ಕಡೆಯವರು, ನಿನಗೆ ಗೊತ್ತಲ್ಲ, ನೋಡಿದ್ದು ಹೇಳದೆ ಬಿಡುವವರಲ್ಲ.

“ಎಂತ ಮಾರಾಯ್ತಿ, ಮಗಳು ಸುಮ್ಮನೆ ಕೂತಿದ್ದಾಳೆ, ನೀನು ಚೆಂಡಾಟ ಆಡುವುದಾ?”

ಹೀಗೀಗೆ ಎಂದೆ. ನೆಲದ ಮೇಲೆಯೇ ಕೂತು ನಕ್ಕುಬಿಟ್ಟರು.

“ಗಂಡ ಅಷ್ಟು ಚಂದದ ಮನೆ ಮಾಡಿದ್ದಾನೆ, ನೀನು ಅದರ ತೂತು ಅಳೆಯುತ್ತೀಯಾ? ನಾವೆಲ್ಲ ಬಾವಿಕಟ್ಟೆ ಮೇಲೆಯೇ ಆಡಿ ದೊಡ್ಡ ಆದದ್ದು ಮಾರಾಯ್ತಿ.”

“ಯಾರೂ ಬೀಳ್ಲಿಲ್ವಾ ಆಂಟಿ?”

“ಒಬ್ಬ ಬಿದ್ದ. ನನ್ನ ತಮ್ಮ ಬೆನೆಡಿಕ್ಟ್. ಈಗ ರೆಡ್ಮಂಡಿನಲ್ಲಿ ಮ್ಯಾನೇಜರ್.”

ನನಗೂ ನಗು ಬಂತು. ಆದರೂ ಆ ಸಂದಿಗೆ ಅಡ್ಡ ಮರದ ಪಟ್ಟಿ ಹೊಡೆಸು, ಪುಣ್ಯ ಬರುತ್ತದೆ. ಗಾಳಿಗೆ ಉಳಿದಷ್ಟು ಜಾಗ ಸಾಕು. ಅಂಗಳದ ಮೂಲೆಯಲ್ಲಿರುವ ಜಾಗದ ದೈವದ ಪುಟ್ಟ ಗುಡಿಯ ಮೇಲೆ ಮನೆಯ ನೆರಳು ಬೀಳಬಾರದು ಎಂದು ಬಡಗಿಗಳು ಹೇಳಿದ್ದಕ್ಕೆ ಅಡುಗೆಮನೆಯನ್ನೇ ಹಿಂದಕ್ಕೆ ಸರಿಸಿದವನು ನೀನು. ಮಗಳಿಗೆ ಒಂದು ಪಟ್ಟಿ ಹೆಚ್ಚೇನಲ್ಲ.

ಮನೆಯನ್ನು ಕೇಕಿನ ಹಾಗೆ ಕತ್ತರಿಸಿ ಒಳಗನ್ನೆಲ್ಲ ತೋರಿಸಿದ್ದೀಯಲ್ಲ, ಆ ಸೆಕ್ಷನ್ನನ್ನು ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದೇನೆ. ನೋಡಿದಾಗಲೆಲ್ಲ ಮೈಸೂರಿನ ಕಾಲೇಜು ನೆನಪಾಗುತ್ತದೆ. ಕಟ್ಟಡದ ಎತ್ತರ ಗೊತ್ತಾಗಲೆಂದು ನಾವೆಲ್ಲ ಕಡ್ಡಿಯಂಥ ಮನುಷ್ಯರನ್ನು ನಿಲ್ಲಿಸುತ್ತಿದ್ದೆವು. ನೀನು ಮಾತ್ರ ಏನೇ ಬರೆದರೂ ಮೆಟ್ಟಿಲ ಮೇಲೆ ಉದ್ದ ಜಡೆಯವಳೊಬ್ಬಳನ್ನು ಕೂರಿಸುತ್ತಿದ್ದೆ. ಬಸ್ ನಿಲ್ದಾಣಕ್ಕೂ ಅವಳೇ, ಅಗ್ನಿಶಾಮಕ ಠಾಣೆಗೂ ಅವಳೇ. “ಏನಪ್ಪಾ ರವಿಕಿರಣ, ಮಾರ್ಕ್ಸು ಕಟ್ಟಡಕ್ಕೆ ಕೊಡ್ಲೋ, ಜಡೆಗೆ ಕೊಡ್ಲೋ?” ಎಂದು ನಾಗರಾಜ ಸರ್ ಕೇಳಿದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು. ನಾನು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ದುಪಟ್ಟಾದೊಳಗೆ ಬಚ್ಚಿಟ್ಟೆ. ಎಂಥ ಪೆದ್ದಿ! ಆಮೇಲೂ ನೀನು ಬರೆದ ಯಾವ ಮನೆಯಲ್ಲೂ ಅವಳು ತಪ್ಪಿದ್ದಿಲ್ಲ.

ಮುಖ್ಯ ವಿಷಯ ಹೇಳುವುದೇ ಮರೆತೆ. ಈ ಅಪಾರ್ಟ್‌ಮೆಂಟನ್ನು ಆಗಸ್ಟ್ ಕೊನೆಗೆ ಬಿಟ್ಟು ನಿನ್ನಲ್ಲಿಗೆ ಬರುತ್ತೇವೋ, ಇನ್ನೊಂದು ವರ್ಷ ಇರುತ್ತೇವೋ ಎಂದು ಬೆಳಿಗ್ಗೆ ಇಲ್ಲಿನ ಬಾಡಿಗೆ ಆಫೀಸು ತೆರೆಯುತ್ತಲೇ ಹೇಳಬೇಕು. ನಾಳೆ, ನಾಳೆ ಎಂದು ಮುಂದಕ್ಕೆ ಹಾಕಿ ಇಂದಿಗೆ ಬಂದು ನಿಂತಿದೆ. ಬಿಡುತ್ತೇವೆ ಎಂದೇ ಹೇಳಬೇಕೆಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೈಟಿನಲ್ಲಿ ಹೆಲ್ಮೆಟ್ ತೆಗೆಯಬೇಡ, ಸೆಖೆಯಿದ್ದರೂ. ಕಟ್ಟುವ ಕೈಗಳೂ ಕಟ್ಟಿಸುವ ಕೈಗಳೂ ತಣ್ಣಗಿರಲಿ.

ನಿನ್ನ,
ಪ್ರತಿಭಾ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮಾರ್ಚಿನಲ್ಲಿ ನೀನು ಕಳಿಸಿದ ಮೊದಲ ಕರಡಿನಲ್ಲಿ ಆ ಜಡೆಯವಳು ಇದ್ದಳು. ಕಾಲುವೆಗೆ ಮುಖಮಾಡಿ ಮೆಟ್ಟಿಲ ಮೇಲೆ ಕೂತಿದ್ದಳು. ಈ ಸಲದ್ದರಲ್ಲಿ ಕಂಬದ ಹತ್ತಿರ ನೀನಿದ್ದೀಯ, ಉಯ್ಯಾಲೆಯಲ್ಲಿ ಇಂಚರ ಇದ್ದಾಳೆ, ಮೂಲೆಯ ಗುಡಿಯೂ ಇದೆ. ಮೆಟ್ಟಿಲು ಖಾಲಿ.

ಗಡಿಬಿಡಿಯಲ್ಲಿ ಬಿಟ್ಟುಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ಸಂಜೆ ಮಗಳು ಫ್ರಿಜ್ಜಿನ ಮುಂದೆ ನಿಂತು ಬೆರಳಿಟ್ಟು ಹುಡುಕಿದಳು. “ಅಪ್ಪ ಹಿಯರ್, ಮೀ ಹಿಯರ್. ಅಮ್ಮಾ, ವೇರ್ ಆರ್ ಯೂ?” “ಒಳಗಿದೀನಿ ಪುಟ್ಟಾ, ಕಾಣಲ್ಲ” ಅಂದೆ. ಅವಳು ನನ್ನನ್ನೇ ನೋಡಿ ಅಂದಳು, “ಬಟ್ ಅಮ್ಮಾ, ಇಟ್ಸ್ ಓಪನ್. ಒಳಗೆಲ್ಲಾ ಐ ಕ್ಯಾನ್ ಸೀ.”

ಏಪ್ರಿಲಿನಲ್ಲಿ ಫೋನಿನಲ್ಲಿ ನಾನು “ನನ್ನ ಕೈಲಾಗಲ್ಲ, ನೀನೊಬ್ಬನೇ ಇರು ಅಲ್ಲಿ” ಎಂದೆನಲ್ಲ, ಅದಕ್ಕೇ ತೆಗೆದೆಯಾ? ಕಾಲುವೆಯ ನೀರಿನ ಭಯಕ್ಕೆ, ನಿದ್ದೆಗೆಟ್ಟು ಅಂದ ಮಾತು ಅದು. ನಿಜವಾಗಿಯೂ ತೆಗೆದಿದ್ದರೆ ಅದನ್ನಾದರೂ ಹೇಳು. ಬೆಳಿಗ್ಗೆ ಆಫೀಸಿನವರ ಮುಂದೆ ಏನು ಹೇಳಬೇಕೆಂದು ನನಗೆ ತಿಳಿಯಬೇಕು. ಫ್ಯಾನು ಈಗಷ್ಟೇ ನಿಂತಿತು. ಫೋನು ಕೈಯಲ್ಲೇ ಇದೆ, ಇಂಚರ ಮಲಗಿದ್ದಾಳೆ, ಯಾರೂ ಕಿತ್ತುಕೊಳ್ಳುವುದಿಲ್ಲ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡು ರವಿ. ದಮ್ಮಯ್ಯ, ಬೆಳಗಾಗುವುದರೊಳಗೆ.