ಸೀಸೆಯ ಮೇಲೆ ಒಂದು ಸಾಲು ಜಾಗ

ಗಿಡಮೂಲಿಕೆ ಕ್ಯಾಪ್ಸೂಲುಗಳ ಮಾರಾಟಕ್ಕೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಅನುಮತಿ ಪಡೆದ ಒಂದು ಸೀಸೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ‘ಮೆದುಳಿಗೆ ಚೈತನ್ಯ, ನೆನಪಿಗೆ ಬಲ, ಅಡ್ಡಪರಿಣಾಮವಿಲ್ಲ’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿದೆ. ಒಳಗೇನಿದೆ ಎಂಬುದಕ್ಕೆ ‘ಆಯ್ದ ಗಿಡಮೂಲಿಕೆಗಳ ಸಾರ’ ಎಂದಷ್ಟೇ ಇದೆ. ಯಾವ ಗಿಡ? ಎಷ್ಟು ಸಾರ? ಕೇಳುತ್ತಾ ಅಲೆದು ಸಾಕಾಗಿ ಈಗ ಎಲ್ಲರೆದುರು ಕೇಳುತ್ತಿದ್ದೇನೆ.

ಸೀಸೆ ನನ್ನ ಅಕ್ಕನದು. ಅವಳು ದರ್ಜಿ, ನಮ್ಮ ಮುಂದಿನ ಕೋಣೆಯೇ ಅವಳ ಅಂಗಡಿ. ಕಳೆದ ವರ್ಷ ಮರೆವು ಶುರುವಾಯಿತು. ಒಂದು ದಿನ ಒಂದೇ ಅಂಗಿಗೆ ಎರಡು ಎಡತೋಳು ಕತ್ತರಿಸಿಟ್ಟಿದ್ದಳು. ತೋರಿಸಿದಾಗ, “ಬಿಡೋ, ಆ ಗಿರಾಕಿ ಕೂಲಿ ಕೊಡೋದೂ ಎಡಗೈಯಲ್ಲೇ” ಎಂದು ನಕ್ಕಳು. ಆಮೇಲೆ ಕತ್ತರಿಯನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು. ಮರುದಿನವೇ ಸೀಸೆ ಮನೆಗೆ ಬಂತು.

ಅಕ್ಕನ ಹೃದಯದಲ್ಲಿರುವುದು ಕೃತಕ ಕವಾಟ. ರಕ್ತ ಹೆಪ್ಪುಗಟ್ಟದಂತೆ ಅವಳು ದಿನವೂ ಒಂದು ಮಾತ್ರೆ ನುಂಗಲೇಬೇಕು. ಸೀಸೆ ಬಂದ ಕೆಲವು ವಾರಗಳಿಗೆ, ಸೂಜಿ ಚುಚ್ಚಿದ ಬೆರಳಿನ ರಕ್ತ ನಿಲ್ಲದಾಯಿತು. ಗಿರಾಕಿಯ ಬಟ್ಟೆಗೆ ಎಂದೂ ಕಲೆ ತಾಗಿಸದವಳು ಬಿಳಿ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದಳು. ತೋಳಿನ ಮೇಲೆ ಎಲ್ಲೂ ತಗುಲದೆ ಎದ್ದ ನೀಲಿ ಕಲೆಗಳು.

ವೈದ್ಯರು ಸೀಸೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಕೆಲವು ಗಿಡಗಳು ಈ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವ ಜಾಸ್ತಿ ಆಗುತ್ತೆ. ಇದರಲ್ಲಿ ಏನಿದೆ ಅಂತಾನೇ ಇಲ್ಲವಲ್ಲ. ಸದ್ಯಕ್ಕೆ ನಿಲ್ಲಿಸಿ” ಎಂದರು.

ನಿಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಗುಮಾಸ್ತರು ಸೌಜನ್ಯದವರೇ.

“ಇದು ಔಷಧಿ ಅಲ್ಲ ಸಾರ್, ಆಹಾರ. ನಾವು ಪರೀಕ್ಷೆ ಮಾಡಲ್ಲ.”

“ಆಹಾರ ನೆನಪು ಹೇಗೆ ತರುತ್ತೆ?”

“ತರುತ್ತೆ ಅಂತ ಎಲ್ಲಿದೆ? ಬಲ ಅಂತ ಇದೆ, ನೋಡಿ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಗುಣಪಡಿಸುತ್ತದೆಯೇ ಎಂದರೆ ಅದು ಆಹಾರ. ಆಹಾರವಾದರೆ ಒಳಗೇನಿದೆ ಹೇಳಿ ಎಂದರೆ ಅದು ಕಂಪನಿಯ ಗುಟ್ಟು. ಯಾರೂ ಪರೀಕ್ಷಿಸದ ಮೇಲೆ ಅಡ್ಡಪರಿಣಾಮವಿಲ್ಲವೆಂದು ಗೊತ್ತಾದದ್ದು ಹೇಗೆ? ಕಣ್ಣು ಮುಚ್ಚಿಕೊಂಡವರಿಗೆ ಏನೂ ಕಾಣಲಿಲ್ಲ ಎಂಬ ಅರ್ಥದಲ್ಲಾದರೆ, ಒಪ್ಪುತ್ತೇನೆ.

ನಿಲ್ಲಿಸಿದರಾಯಿತಲ್ಲ ಎನ್ನುತ್ತೀರಿ. ನಿಲ್ಲಿಸಿ ನೋಡಿದೆ. ಸೀಸೆಯನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ.

“ಅದನ್ನ ಕೊಡೋವರೆಗೂ ಹಾರ್ಟಿನ ಮಾತ್ರೆ ಮುಟ್ಟಲ್ಲ” ಎಂದಳು ಅಕ್ಕ.

“ಅದರಿಂದ ಉಪಯೋಗ ಇದೆಯೋ ಇಲ್ವೋ, ಯಾರಿಗೂ ಗೊತ್ತಿಲ್ಲ ಅಕ್ಕಾ.”

“ಇಲ್ಲ ಅಂತಾನೂ ಗೊತ್ತಿಲ್ಲ ತಾನೇ? ಸರಿ, ನನ್ನ ಮರೆವಿಗೆ ನಿನ್ನ ಡಾಕ್ಟ್ರ ಹತ್ರ ಏನಿದೆ ಹೇಳು.”

ಹೋದದ್ದನ್ನು ಮರಳಿ ತರುವ ಮದ್ದು ಇಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಹಟ ಹಿಡಿದ ಅಕ್ಕ ಎರಡನೆಯ ದಿನವೂ ಮಾತ್ರೆ ಮುಟ್ಟಲಿಲ್ಲ. ಕವಾಟದಲ್ಲಿ ಹೆಪ್ಪುಗಟ್ಟಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಡಬ್ಬದ ಹಿಂದಿನಿಂದ ಸೀಸೆ ತೆಗೆದುಕೊಟ್ಟೆ. ನನ್ನ ಹೆಸರಿಗಾಗಿ ತಡಕಾಡುವ ದಿನವೂ ಅವಳು ಆ ಕ್ಯಾಪ್ಸೂಲನ್ನು ಮರೆಯುವುದಿಲ್ಲ. ಬೇಕಿದ್ದರೆ ಕಂಪನಿಯವರು ಇದನ್ನು ಜಾಹೀರಾತಿಗೆ ಬಳಸಿಕೊಳ್ಳಲಿ.

ನಿಷೇಧಿಸಿ ಎಂದು ಕೇಳುತ್ತಿಲ್ಲ. ಅದರಿಂದ ಒಳ್ಳೆಯದೇ ಆಗುತ್ತಿರಬಹುದು, ನನಗೇನು ಗೊತ್ತು? ಒಳಗಿರುವ ಗಿಡಗಳ ಹೆಸರನ್ನೂ ಪ್ರಮಾಣವನ್ನೂ ಸೀಸೆಯ ಮೇಲೆ ಮುದ್ರಿಸುವಂತೆ ಆದೇಶಿಸಿ. ರಕ್ತ ತೆಳುವಾಗಿಸುವ ಮಾತ್ರೆಯೊಂದಿಗೆ ಸೇವಿಸಬಹುದೇ ಎಂಬುದನ್ನೂ ಹಾಕಿಸಿ. ಅದು ತಿಳಿಯದಿದ್ದರೆ, ‘ನೆನಪಿಗೆ ಬಲ’ ಎಂಬ ಅಕ್ಷರಗಳಷ್ಟೇ ದಪ್ಪಕ್ಕೆ ‘ನಮಗೆ ಗೊತ್ತಿಲ್ಲ’ ಎಂದು ಹಾಕಿಸಿ. ಒಂದು ಸಾಲಿನ ಜಾಗ ಸಾಕು. ಅಕ್ಕ ನನ್ನ ಮಾತು ನಂಬುವುದಿಲ್ಲ. ಸೀಸೆ ಹೇಳಿದರೆ ನಂಬುತ್ತಾಳೆ.

ಇಂತಿ,
ದಿನಾ ಬೆಳಿಗ್ಗೆ ಆ ಕ್ಯಾಪ್ಸೂಲಿಗೆ ನೀರಿನ ಲೋಟ ಹಿಡಿದು ನಿಲ್ಲುವ ತಮ್ಮ