ಆರೂವರೆಗೆ ಬೀಳುತ್ತಿದ್ದ ಸ್ವಿಚ್ಚು

ಗುರು,

ಕರೆಂಟ್ ಹೋಗಿಲ್ಲ. ಮೇನ್ ಫ್ಯೂಸ್ ಕಿತ್ತವಳು ನಾನೇ, ಅದು ನನ್ನ ಬ್ಯಾಗಿನಲ್ಲಿದೆ. ಅವ್ವನನ್ನು ಕರೆದುಕೊಂಡು ತಂಬ್ರಹಳ್ಳಿಗೆ, ಚಿಗವ್ವನ ಮನೆಗೆ ಹೊರಟಿದ್ದೇನೆ. ಫೋನ್ ಮಾಡಿ ಕೂಗಾಡುವ ಮೊದಲು ಇದನ್ನು ಪೂರ್ತಿ ಓದು.

ನೀನು ರೇಡಿಯೊ ರಿಪೇರಿ ಹವ್ಯಾಸಕ್ಕೆಂದು ಹಿಂದಿನ ಕೋಣೆಯಲ್ಲಿ ಮೇಜು ಹಾಕಿದಾಗಿನಿಂದ ಅವ್ವ ದಿನಾ ಸ್ನಾನ ಮಾಡಿ ಬಂದು, ನೀನು ಆನ್ ಮಾಡಿಯೇ ಬಿಡುವ ಆ ಪವರ್ ಸಪ್ಲೈ ಡಬ್ಬಿಗೆ ವಿಭೂತಿ ಹಚ್ಚುತ್ತಾಳೆ. ಒದ್ದೆ ಬೆರಳಿನಿಂದ. "ಕೆಲಸದ ಜಾಗ ಬೋಳಾಗಿ ಇರಬಾರ್ದು" ಅನ್ನುತ್ತಾಳೆ. ನೀನು ಏಳುವಷ್ಟರಲ್ಲಿ ಒಣಗಿರುತ್ತದೆ.

ದಿನಾ ಆರೂವರೆಗೆ ಟ್ರಿಪ್ ಸ್ವಿಚ್ ಬೀಳುತ್ತಿತ್ತಲ್ಲ, ಅದು ಕೆಟ್ಟಿರಲಿಲ್ಲ. ನಿನ್ನ ಡಬ್ಬಿಯ ಮೈಗೆ ಕರೆಂಟ್ ಸೋರುತ್ತಿದೆ, ಅವ್ವ ಮುಟ್ಟಿದ ಕೂಡಲೇ ಸ್ವಿಚ್ ಬಿದ್ದು ಅವಳ ಜೀವ ಕಾಯುತ್ತಿತ್ತು. ನಿನ್ನೆ ನೀನು "ಹಾಳಾದ್ದು, ಸುಮ್ಮಸುಮ್ನ ಬೀಳ್ತೈತಿ" ಎಂದು ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟೆ.

ಇವತ್ತು ಅವ್ವನ ಕೈ ಎಗರಿ ವಿಭೂತಿ ಗಟ್ಟಿ ಗೋಡೆಗೆ ಹೋಗಿ ಬಿತ್ತು. ಪುಣ್ಯಕ್ಕೆ ಮರದ ಮಣೆಯ ಮೇಲೆ ನಿಂತಿದ್ದಳು. "ವಯಸ್ಸಾತಲ್ಲ, ವಾಯು ಹಿಡಿದೈತಿ" ಎಂದು ಬೆರಳು ತಿಕ್ಕಿಕೊಳ್ಳುತ್ತಾ ನಿನಗೆ ರೊಟ್ಟಿ ಬಡಿಯಲು ಹೋದಳು. ನಾನಿನ್ನೂ ಅವಳಿಗೆ ಏನೂ ಹೇಳಿಲ್ಲ.

ರೊಟ್ಟಿ ಬುಟ್ಟಿಯಲ್ಲಿದೆ, ತಿನ್ನು. ಆಮೇಲೆ ಎಲೆಕ್ಟ್ರಿಷಿಯನ್ ರಾಮಾಂಜಿನಿಯನ್ನು ಕರೆಸು. ಸ್ವಿಚ್ ಮೊದಲಿನಂತಾಗಲಿ, ಡಬ್ಬಿಗೆ ಅರ್ಥಿಂಗ್ ಬರಲಿ. ನೀನೇ ಮಾಡಲು ಹೋಗಬೇಡ.

ಸಂಜೆ ಬಂದು ಫ್ಯೂಸ್ ಹಾಕುತ್ತೇನೆ. ನಾಳೆಯೂ ಅವ್ವ ವಿಭೂತಿ ಹಚ್ಚುತ್ತಾಳೆ, ನಾನು ಬೇಡ ಅನ್ನುವುದಿಲ್ಲ. ಆದರೆ ಅವಳಿಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಬರಿಗಾಲಲ್ಲಿ ನಿಂತು, ಒದ್ದೆ ಕೈಯಲ್ಲಿ ಆ ಡಬ್ಬಿ ಮುಟ್ಟುವವನು ನೀನು.

ಅಕ್ಕ